ಆನೆಗೂ ಅಣಬೆಗೂ ಒಂದೇ ಹುಲ್ಲು: ಬೀಜ ಹಾಕಿದ ಚಿಪ್ಪಣಬೆ ಬ್ಯಾಗ್ ಕೊಳ್ಳಬಹುದೇ?

ಮನೆಗೆ ತಂದು ತೂಗುಹಾಕಿ ನೀರು ಚಿಮುಕಿಸಿದರೆ ಅಣಬೆ ಬರುತ್ತದೆ ಎಂದು ಮಾರುವ ಬ್ಯಾಗ್ ಇದು. ಒಳ್ಳೆಯದು ಸಿಕ್ಕರೆ ಖಂಡಿತ ಕೊಳ್ಳಬಹುದು. ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಒಳಗಿರುವ ಭತ್ತದ ಹುಲ್ಲು.

ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ತೂಕ ಐದು ಟನ್ ಮೀರುತ್ತದೆ. ಅವನ ಮೇವಿನಲ್ಲೂ ಇದೇ ಹುಲ್ಲಿದೆ, ಆದರೆ ಬರೀ ಹುಲ್ಲಲ್ಲ. ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಜೀರ್ಣವಾಗುತ್ತದೆ; ಹುಲ್ಲನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಹಾಗೆಯೇ ಲದ್ದಿಯಲ್ಲಿ ಹೊರಬೀಳುತ್ತದೆ. ಅದಕ್ಕೇ ದಸರಾ ಆನೆಗಳಿಗೆ ಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕುಸುರೆ ಕಟ್ಟಿ ಕೊಡುವುದು. ಚಿಪ್ಪಣಬೆಗೆ ಹೊಟ್ಟೆಯೇ ಇಲ್ಲ. ಅದು ಕಿಣ್ವಗಳನ್ನು ಹೊರಗೆ ಸುರಿಸಿ, ಆನೆಗೆ ದಕ್ಕದ ಆ ಲಿಗ್ನಿನ್ನನ್ನೂ ಒಡೆದು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಅದಕ್ಕೆ ಕುಸುರೆಯ ಉಪಚಾರ ಬೇಡ.

ಕೆಲವರು ಇಳುವರಿ ಹೆಚ್ಚಲಿ ಎಂದು ಬ್ಯಾಗಿಗೆ ತೌಡು ಬೆರೆಸುತ್ತಾರೆ. ಬಿಸಿನೀರಿನಲ್ಲಿ ಬೇಯಿಸಿದ ಹುಲ್ಲು ಪೂರ್ತಿ ಕ್ರಿಮಿಮುಕ್ತವಲ್ಲ. ತೌಡಿನ ಪುಷ್ಟಿ ಅಣಬೆಗಿಂತ ಮೊದಲು ಹಸಿರು ಬೂಷ್ಟಿಗೆ ಸಿಗುತ್ತದೆ, ಬ್ಯಾಗಿನ ನಡುಭಾಗ ಬಿಸಿಯೇರಿ ಅಣಬೆಯ ಬೀಜ ಸಾಯುತ್ತದೆ. ತೌಡು ಬೆರೆಸಿದ್ದೀರಾ ಎಂಬುದೇ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಎರಡನೆಯದು ಹುಲ್ಲಿನ ತಯಾರಿ: 2 ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟು, ಚೆನ್ನಾಗಿ ಬಸಿದಿರಬೇಕು. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ನಾಲೆ ಬಯಲಿನ ಹುಲ್ಲಿಗೆ ಮೈಸೂರಿನ ಕಡೆ ಬರವಿಲ್ಲ, ಆದರೆ ಕೊಯ್ಲಿನ ನಂತರ ಮಳೆಗೆ ಸಿಕ್ಕಿ ಕಪ್ಪಾದ ಹುಲ್ಲು ಅಗ್ಗವೆಂದು ಬ್ಯಾಗು ಸೇರುವುದುಂಟು. ಹೊಂಬಣ್ಣದ್ದೇ ಆಗಬೇಕು. ಶಿಲೀಂಧ್ರನಾಶಕ ಹೊಡೆದ ಗದ್ದೆಯದೂ ಬೇಡ, ಅಣಬೆಯೂ ಶಿಲೀಂಧ್ರವೇ ತಾನೆ.

ಅಣಬೆಯ ಎಳೆಗಳು ಹುಲ್ಲಿಗೆ ಹಬ್ಬಿ ಬ್ಯಾಗು ಎಲ್ಲ ಕಡೆ ಒಂದೇ ಸಮ ಬೆಳ್ಳಗಿದ್ದು, ಹಸಿ ಅಣಬೆಯ ವಾಸನೆ ಬರಬೇಕು. ತಳದಲ್ಲಿ ಹಳದಿ ನೀರು ನಿಂತಿದ್ದರೆ, ಹುಳಿ ನಾತ ಬಂದರೆ, ಹಸಿರು ಮಚ್ಚೆ ಕಂಡರೆ ಅಲ್ಲೇ ಬಿಟ್ಟುಬನ್ನಿ.

ಮನೆಯಲ್ಲಿ ಕೆಡುವುದು ಹೆಚ್ಚಾಗಿ ಗಾಳಿಯಿಂದ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ತೊಟ್ಟು ಉದ್ದವಾಗಿ, ಟೋಪಿ ಗುಂಡಿಯಷ್ಟೇ ಉಳಿಯುತ್ತದೆ. ಬೆಳಕು ಸಾಲದಿದ್ದರೂ ಹೀಗೇ. ಫ್ಯಾನಿನ ಕೆಳಗಿಟ್ಟರೆ ಅಂಚು ಒಣಗಿ ಹಳದಿಯಾಗುತ್ತದೆ. ತೇವಾಂಶ ಶೇ. 80–90 ಇರಲೆಂದು ಸುತ್ತ ಒದ್ದೆ ಗೋಣಿಚೀಲ ಕಟ್ಟಿ. ದಿನಕ್ಕೆ ಎರಡು-ಮೂರು ಸಲ ಸಣ್ಣಗೆ ನೀರು ಸಿಂಪಡಿಸಿದರೆ ಸಾಕು, ಮೊಗ್ಗಿನ ಮೇಲೆ ಸುರಿದರೆ ಕೊಳೆಯುತ್ತದೆ. ಟೋಪಿಯ ಅಂಚು ಮೇಲಕ್ಕೆ ಮಡಚುವ ಮೊದಲೇ ಇಡೀ ಗೊಂಚಲನ್ನು ತಿರುಚಿ ಕೀಳಿ. ತಡಮಾಡಿದರೆ ಬೀಜಕಣ ಉದುರಿ ಕೆಲವರಿಗೆ ಕೆಮ್ಮು, ಅಲರ್ಜಿ ಬರುತ್ತದೆ.

ಇಳುವರಿಯ ಮಾತಿನಲ್ಲಿ ಎಚ್ಚರವಿರಲಿ. 3 ಕೆ.ಜಿ. ತೂಗುವ ಬ್ಯಾಗಿನಲ್ಲಿ ಒಣ ಹುಲ್ಲು ಸುಮಾರು 1 ಕೆ.ಜಿ. ಮಾತ್ರ, ಉಳಿದದ್ದು ನೀರು. ಎರಡು-ಮೂರು ಕೊಯ್ಲಿಗೆ ಒಟ್ಟು 500ರಿಂದ 800 ಗ್ರಾಂ ಹಸಿ ಅಣಬೆ ಬಂದರೆ ಬ್ಯಾಗು ಚೆನ್ನಾಗಿದೆ ಎಂದೇ ಅರ್ಥ. ಮೂರು ಕೆ.ಜಿ. ಬ್ಯಾಗಿಗೆ ಮೂರು ಕೆ.ಜಿ. ಅಣಬೆ ಎನ್ನುವವರ ಹತ್ತಿರ ಕೊಳ್ಳಬೇಡಿ. ಮೈಸೂರಿನಲ್ಲಿ ಜೂನ್‌ನಿಂದ ಫೆಬ್ರುವರಿವರೆಗೆ ಧೈರ್ಯವಾಗಿ ತರಬಹುದು. ಮಾರ್ಚ್‌ನಿಂದ ಮೇವರೆಗೆ, ಅದರಲ್ಲೂ ಶೀಟಿನ ಮನೆಯಾದರೆ, ಹಣ ಉಳಿಸಿಕೊಳ್ಳಿ.