ನಾಲ್ಕು ವರ್ಷ, 52,000 ಕಿಲೋಮೀಟರ್: ಬುಲೆಟ್‌ನ ಆಯಿಲ್ ಫಿಲ್ಟರ್, ಮ್ಯಾಗ್ನೆಟ್ ಪ್ಲಗ್ ಮತ್ತು ಒಂದು ವಾಷರ್

ಮೊದಲೇ ಹೇಳಿಬಿಡ್ತೀನಿ. ಈ ನಾಲ್ಕು ವರ್ಷದಲ್ಲಿ ನನ್ನ ಗಾಡಿ ನನಗೆ ಕೊಟ್ಟ ದೊಡ್ಡ ತಲೆನೋವು ಪಿಸ್ಟನ್ನಿಂದಲೂ ಅಲ್ಲ, ಕ್ಲಚ್ಚಿಂದಲೂ ಅಲ್ಲ, ಆಯಿಲ್ ಇಳಿಸೋಕೆ ಬಿಚ್ಚೋ ಒಂದು ಬೋಲ್ಟಿಂದ. ಫಿಲ್ಟರ್ ಯಾವುದು ಹಾಕಿಸಲಿ ಅಂತ ಎಲ್ಲರೂ ಕೇಳ್ತಾರೆ, ಪ್ಲಗ್ಗಿನ ಸುದ್ದಿ ಯಾರೂ ಎತ್ತಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಬರೀತಿದ್ದೀನಿ.

ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 (ನಮ್ಮ ಕಡೆ ಎಲ್ಲವೂ ಬುಲೆಟ್ಟೇ), 2016ರ ಮಾಡೆಲ್, ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರೋ ಹಳೇ ಯುಸಿಇ ಇಂಜಿನ್, 346 ಸಿಸಿ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರ್ 31,000 ತೋರಿಸ್ತಿತ್ತು, ಈಗ 83,000 ದಾಟಿದೆ. ಮನೆ ಮಂಡ್ಯ, ಕೆಲಸ ಮೈಸೂರು. ವಾರಕ್ಕೆ ಮೂರು ದಿನ ಹೋಗಿಬರೋದು, ದಿನಕ್ಕೆ ಹತ್ತಿರ ಹತ್ತಿರ 90 ಕಿ.ಮೀ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡ್ತಿಲ್ಲವಲ್ಲ, ಆಗಿನಿಂದ ಸರ್ವೀಸ್ ರಸ್ತೆಯೇ ಗತಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೆಕೆಂಡ್ ಗೇರಲ್ಲಿ ತೆವಳೋದು, ಧೂಳು, ಹಂಪು, ಮತ್ತೆ ಧೂಳು. ಇಂಜಿನ್ ಕಾಯೋದೂ ಜಾಸ್ತಿ, ಆಯಿಲ್ ಕಪ್ಪಾಗೋದೂ ಬೇಗ. ಹಾಗಾಗಿ 5,000 ಕಿ.ಮೀ.ಗೆ ಒಂದು ಸಲ ಆಯಿಲ್, ಜೊತೆಗೇ ಫಿಲ್ಟರ್. ಇಲ್ಲಿವರೆಗೆ ಹತ್ತು ಸಲ ಆಗಿದೆ. ಮೊದಲ ಮೂರು ಗ್ಯಾರೇಜಲ್ಲಿ, ಉಳಿದದ್ದು ಮನೆ ಮುಂದೆ ನಾನೇ. ಆಯಿಲ್ 15ಡಬ್ಲ್ಯು50, ಡಬ್ಬದ ಮೇಲೆ ಜಾಸೋ ಎಂಎ2 ಅಂತ ಇರೋದು, ಅಂದರೆ ಬೈಕಿನ ಕ್ಲಚ್ಚಿಗೆ ಒಗ್ಗುತ್ತೆ ಅನ್ನೋ ಗುರುತು. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಕಾರಿನ ಆಯಿಲ್ ಹಾಕಿದರೆ ಜಾರೋಕೆ ಶುರುವಾಗಬಹುದು. ಆಯಿಲ್ ಬಗ್ಗೆ ಇಷ್ಟೇ, ಆ ಜಗಳಕ್ಕೆ ನಾನು ಬರಲ್ಲ.

ಫಿಲ್ಟರ್‌ಗೆ ಬರೋಣ. ಬಲಗಡೆ ಮೂರು ಬೋಲ್ಟಿನ ಸಣ್ಣ ಮುಚ್ಚಳ, ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಪೇಪರ್ ಫಿಲ್ಟರ್. ಹತ್ತರಲ್ಲಿ ಏಳು ಸಲ ಕಂಪನಿ ಫಿಲ್ಟರನ್ನೇ ಹಾಕಿದ್ದೀನಿ. ಎರಡು ಸಲ ಹೆಸರಿರೋ ಬೇರೆ ಬ್ರಾಂಡಿಂದು, ಅದರಲ್ಲೂ ಏನೂ ಕೊರತೆ ಕಾಣಲಿಲ್ಲ. ಒಂದು ಸಲ ಮಾತ್ರ ಕವರಿಲ್ಲದೆ ಪ್ಲಾಸ್ಟಿಕ್ ಡಬ್ಬದಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದು ತಗೊಂಡೆ. ಕಂಪನಿದಕ್ಕೂ ಇದಕ್ಕೂ 60 ರೂಪಾಯಿ ವ್ಯತ್ಯಾಸ. ಅಂಗಡಿಯವರು "ಎಲ್ಲಾ ಒಂದೇ ಕಡೆ ಬರೋದು ಸಾರ್" ಅಂದರು, ನಾನೂ ನಂಬಿದೆ.

5,000 ಆದಮೇಲೆ ಬಿಚ್ಚಿದಾಗ ಅದು ಸರಾಗವಾಗಿ ಈಚೆ ಬರಲಿಲ್ಲ. ಬೆರಳಲ್ಲಿ ಎಳೆದರೆ ತುದಿಯ ತಗಡು ಕೈಗೆ ಬಂತು, ಪೇಪರ್ ಒಳಗೇ ಉಳೀತು. ಮೂಗು ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೇ ಪತ್ರಿಕೆ ಮೇಲೆ ಬಿಡಿಸಿ ನೋಡಿದೆ. ಕಂಪನಿ ಫಿಲ್ಟರ್‌ನಲ್ಲಿ ಪೇಪರಿನ ಮಡಿಕೆಗಳು ಸೀರೆ ನೆರಿಗೆ ಹಿಡಿದ ಹಾಗೆ ಒಂದೇ ಸಮ ಇರ್ತವೆ. ಇದರಲ್ಲಿ ಒಂದು ಕಡೆ ನಾಲ್ಕೈದು ಮಡಿಕೆ ಅಂಟಿಕೊಂಡು ಮುದ್ದೆ, ಇನ್ನೊಂದು ಕಡೆ ಬಾಯಿ ತೆರೆದ ಸಂದಿ. ತಗಡಿಗೂ ಪೇಪರಿಗೂ ನಡುವಿನ ಗೋಂದು ಅರ್ಧ ಸುತ್ತು ಬಿಟ್ಟುಕೊಂಡಿತ್ತು. ನೀರಿನ ಥರವೇ ಎಣ್ಣೆಯೂ ಸುಲಭದ ದಾರಿ ಹಿಡಿಯುತ್ತೆ, ಪೇಪರ್ ಮೂಲಕ ಸೋಸಿಕೊಂಡು ಯಾಕೆ ಹೋಗುತ್ತೆ? ತಿಂಗಳುಗಟ್ಟಲೆ ನನ್ನ ಇಂಜಿನ್ ಸೋಸದ ಆಯಿಲ್ ಕುಡಿದಿದೆ. ಶಬ್ದದಲ್ಲಿ ಏನೂ ಗೊತ್ತಾಗಿರಲಿಲ್ಲ, ಅದೇ ಬೇಜಾರು. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಫಿಲ್ಟರ್ ಹಿಡೀಬೇಕಾದ ಕಣಗಳು ಅದಕ್ಕಿಂತ ಸಣ್ಣವು, ಕಣ್ಣಿಗೂ ಕಾಣಲ್ಲ, ಕಿವಿಗೂ ಕೇಳಲ್ಲ.

ಆಮೇಲಿಂದ ಅಂಗಡಿಯಲ್ಲೇ ನೋಡೋದು ಮೂರು ವಿಷಯ. ಮಡಿಕೆ ಸಮವಾಗಿದೆಯಾ, ತುದಿಯ ತಗಡನ್ನು ಹೆಬ್ಬೆರಳಲ್ಲಿ ತಿರುಚಿದರೆ ಅಲ್ಲಾಡುತ್ತಾ, ಜೊತೆಗೆ ಮುಚ್ಚಳ ಸೋರದ ಹಾಗೆ ಕೂರಿಸೋ ರಬ್ಬರ್ ಬಳೆ, ಅಂದರೆ ಓ-ರಿಂಗ್ ಕೊಟ್ಟಿದ್ದಾರಾ. ಹಳೇ ಓ-ರಿಂಗ್ ಚಪ್ಪಟೆಯಾಗಿದ್ದರೂ "ನಡೀತದೆ ಬುಡಿ" ಅಂತ ಹಾಕೋ ಮೆಕ್ಯಾನಿಕ್‌ಗಳಿದ್ದಾರೆ. ನಡೀತದೆ ನಿಜ, ನಾಲ್ಕನೇ ದಿನ ಬೂಟಿನ ಮೇಲೆ ಎಣ್ಣೆ ಹನಿ ಬೀಳೋವರೆಗೆ.

ಈಗ ಡ್ರೈನ್ ಪ್ಲಗ್, ಅಂದರೆ ಆಯಿಲ್ ಇಳಿಸೋಕೆ ಬಿಚ್ಚೋ ಆ ಬೋಲ್ಟು. ತುದಿಯಲ್ಲಿ ಆಯಸ್ಕಾಂತ ಇರೋ ಪ್ಲಗ್‌ಗಳು ಆನ್‌ಲೈನಲ್ಲಿ ಬೇಕಾದಷ್ಟು ಸಿಗ್ತವೆ. ಆಸೆಪಟ್ಟು ಒಂದು ತರಿಸಿದೆ. ಕೆಂಪು ಬಣ್ಣ, ಹೊಳಪು, ನೋಡೋಕೆ ಚೆಂದ. ಮೊದಲ ಸಲ ಬಿಚ್ಚಿದಾಗ ತುದಿಯಲ್ಲಿ ಕಾಡಿಗೆಯಂಥ ಬೂದು ಪೇಸ್ಟ್ ಹಿಡಿದಿತ್ತು. ಬೆರಳುಗಳ ನಡುವೆ ಉಜ್ಜಿದರೆ ನುಣ್ಣಗೆ, ಚುಚ್ಚಲ್ಲ. ಅದು ಗೇರುಗಳ ಮಾಮೂಲಿ ಸವೆತ, ಹೆದರಬೇಕಿಲ್ಲ. ಚಕ್ಕೆ ಅಥವಾ ಚೂರು ಸಿಕ್ಕರೆ ಮಾತ್ರ ಹೆದರಬೇಕು. ಆದರೆ ಆಯಸ್ಕಾಂತ ಹಿಡಿಯೋದು ಕಬ್ಬಿಣ, ಉಕ್ಕು ಅಷ್ಟೇ. ಅಲ್ಯೂಮಿನಿಯಂ, ಹಿತ್ತಾಳೆ ಬುಷ್ಷಿನ ಪುಡಿ ಅದರ ಪಕ್ಕದಲ್ಲೇ ಆರಾಮಾಗಿ ತೇಲಿಕೊಂಡು ಹೋಗುತ್ತೆ. ಮ್ಯಾಗ್ನೆಟ್ ಹಾಕಿದ್ದೀನಿ, ಫಿಲ್ಟರ್ ಎರಡು ಸಲಕ್ಕೊಂದು ಸಾಕು ಅನ್ನೋರ ಮಾತು ಕೇಳಬೇಡಿ.

ಎರಡನೇ ಸಲ ಬಿಚ್ಚಿದಾಗ ಪ್ಲಗ್ಗಿನ ತುದಿಯಲ್ಲಿ ಬರೀ ಗುಳಿ. ಆಯಸ್ಕಾಂತವೇ ಇಲ್ಲ! ಎದೆ ಧಸಕ್ ಅಂತು. ಗೇರ್‌ಬಾಕ್ಸ್ ಒಳಗೆ ಸೇರಿಕೊಂಡಿದೆ ಅಂತ ಟಾರ್ಚ್ ಹಾಕಿ, ತಂತಿ ಬಗ್ಗಿಸಿ ಅರ್ಧ ಗಂಟೆ ತಡಕಾಡಿದೆ. ಕೊನೆಗೆ ಸಿಕ್ಕಿದ್ದು ಆಯಿಲ್ ಹಿಡಿಯೋಕೆ ಇಟ್ಟಿದ್ದ ಕಬ್ಬಿಣದ ಬಾಂಡ್ಲಿಯ ಗೋಡೆಗೆ. ಎಣ್ಣೆ ಜೊತೆ ಇಳಿದು ಅಲ್ಲೇ ಕಚ್ಚಿಕೊಂಡಿತ್ತು. ಬರೀ ಗಮ್ ಹಾಕಿ ಅಂಟಿಸಿದ್ದರು ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದು ವಿಷಯ, ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತ 80 ಡಿಗ್ರಿ ಆಸುಪಾಸಿನಿಂದಲೇ ಬಲ ಕಳಕೊಳ್ಳೋಕೆ ಶುರುಮಾಡುತ್ತೆ. ಗಾಳಿಯಲ್ಲೇ ತಣ್ಣಗಾಗಬೇಕಾದ ಇಂಜಿನ್ನಿನ ಎಣ್ಣೆ ಏಪ್ರಿಲ್ ಬಿಸಿಲಲ್ಲಿ 100 ಮುಟ್ಟೋದು ದೊಡ್ಡ ವಿಷಯವೇನಲ್ಲ. ತಗೊಳ್ಳಲೇಬೇಕು ಅಂದರೆ ಆಯಸ್ಕಾಂತವನ್ನು ಒಳಗೆ ಒತ್ತಿ ಕೂರಿಸಿ ಅಂಚು ಮಡಚಿರೋದನ್ನು, ಎಷ್ಟು ಶಾಖ ತಡೆಯುತ್ತೆ ಅಂತ ಬರೆದಿರೋದನ್ನು ನೋಡಿ. ನಾನು ಮತ್ತೆ ಕಂಪನಿ ಪ್ಲಗ್‌ಗೇ ವಾಪಸ್.

ಶುರುವಲ್ಲಿ ಹೇಳಿದ ತಲೆನೋವು ಮ್ಯಾಗ್ನೆಟ್‌ಗಿಂತ ಮುಂಚಿನದು. ಮೂರನೇ ಆಯಿಲ್ ಚೇಂಜ್ ಒಂದು ಗ್ಯಾರೇಜಲ್ಲಿ. ಹುಡುಗ ರಿಂಗ್ ಸ್ಪ್ಯಾನರ್‌ಗೆ ಎರಡಡಿ ಪೈಪ್ ಸಿಕ್ಕಿಸಿದ. "ಸಾಕಲ್ವೇನಪ್ಪಾ" ಅಂದೆ. "ಒಸಿ ಟೈಟಾಗ್ಲಿ ಬುಡಣ್ಣ, ಲೀಕಾದ್ರೆ ನಮ್ಗೇ ಬೈತೀರ" ಅಂದ. ಸಾಮಾನ್ಯವಾಗಿ 12 ಎಂ.ಎಂ. ಪ್ಲಗ್‌ಗೆ ಬೇಕಿರೋದು 20ರಿಂದ 30 ನ್ಯೂಟನ್ ಮೀಟರ್. 25 ಅಂದರೆ ಒಂದಡಿ ಸ್ಪ್ಯಾನರಿನ ತುದಿಗೆ ಎಂಟು ಕೆ.ಜಿ. ಚಿಲ್ಲರೆ ತೂಗುಹಾಕಿದಷ್ಟು. ಎರಡಡಿ ಪೈಪಿಗೆ ನಾಲ್ಕು ಕೆ.ಜಿ. ಸಾಕು, ಆ ಹುಡುಗ ಇಡೀ ಮೈಭಾರ ಬಿಟ್ಟಿದ್ದ. ಪ್ಲಗ್ ಉಕ್ಕಿನದು, ಅದು ಕೂರೋ ಇಂಜಿನ್ ಚೇಂಬರ್ ಅಲ್ಯೂಮಿನಿಯಂ, ಜಗಳದಲ್ಲಿ ಸೋಲೋದು ಯಾರು ಅಂತ ಹೇಳಬೇಕಾ? ಮುಂದಿನ ಸಲ ನಾನೇ ಬಿಚ್ಚಿದಾಗ ಥ್ರೆಡ್ಡು ಬೆಳ್ಳಿ ಸುರುಳಿಯಾಗಿ ಬೋಲ್ಟಿಗೆ ಸುತ್ತಿಕೊಂಡೇ ಈಚೆ ಬಂತು. ಮೈಸೂರಿನ ಮಂಡಿ ಮೊಹಲ್ಲಾದ ಲೇತ್‌ನೋರ ಹತ್ತಿರ ಹೆಲಿಕಾಯಿಲ್, ಅಂದರೆ ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸೋ ತಂತಿ ಸುರುಳಿ ಹಾಕಿಸಿದೆ. 900 ರೂಪಾಯಿ, ಒಂದು ದಿನದ ರಜೆ, ಗಾಡಿ ಸಾಗಿಸಿದ ಆಟೋ ಬಾಡಿಗೆ ಬೇರೆ. ಕೆಲಸ ಗಟ್ಟಿ, ಇವತ್ತಿಗೂ ಒಂದು ಹನಿ ಸೋರಿಲ್ಲ.

ಆ ಹುಡುಗ ಹಾಗೆ ತಿರುಗಿಸಿದ್ದಕ್ಕೂ ಕಾರಣ ಇತ್ತು. ಹಳೇ ವಾಷರನ್ನೇ ಮತ್ತೆ ಹಾಕಿದ್ದ. ಆ ಅಲ್ಯೂಮಿನಿಯಂ ವಾಷರ್ ಇರೋದೇ ಒಂದು ಸಲ ನಜ್ಜಿ ಸಂದಿ ಮುಚ್ಚೋಕೆ. ಒಮ್ಮೆ ನಜ್ಜಿದ್ದು ಮತ್ತೆ ನಜ್ಜಲ್ಲ, ಜಿನುಗುತ್ತೆ. ಜಿನುಗಿದ್ದಕ್ಕೆ ಪೈಪ್ ಬರುತ್ತೆ, ಪೈಪಿಗೆ ಥ್ರೆಡ್ ಹೋಗುತ್ತೆ. ತಾಮ್ರದ್ದಾದರೆ ಕೆಂಪಗೆ ಕಾಯಿಸಿದರೆ ಮೆತ್ತಗಾಗಿ ಇನ್ನೊಂದು ಸಲಕ್ಕೆ ಬರುತ್ತೆ, ಆದರೆ ಒಲೆ ಹಚ್ಚೋ ಗ್ಯಾಸಿಗಿಂತ ಹೊಸ ವಾಷರೇ ಅಗ್ಗ. ಈಗ ಹತ್ತರ ಪೊಟ್ಟಣ ತಂದು ಟೂಲ್ ಡಬ್ಬದಲ್ಲಿ ಇಟ್ಟಿದ್ದೀನಿ.

ಅಪ್ಪನ ಸ್ಪ್ಲೆಂಡರ್‌ಗೂ ಅದೇ 12ರ ವಾಷರ್. ಅದಕ್ಕೆ ಆಯಿಲ್ ಫಿಲ್ಟರ್ ಕೇಳಿಕೊಂಡು ಹೋದರೆ ಅಂಗಡಿಯವರು ನಗ್ತಾರೆ. ಅದರಲ್ಲಿ ಪೇಪರ್ ಇಲ್ಲ, ಒಂದು ಜಾಲರಿ, ಜೊತೆಗೆ ತಿರುಗುತ್ತಾ ಕಸವನ್ನು ಅಂಚಿಗೆ ತಳ್ಳೋ ಬಟ್ಟಲು. ಇನ್ನು ದೊಡ್ಡಪ್ಪನ ಯೆಜ್ಡಿ, 1961ರಿಂದ 1996ರವರೆಗೆ ನಮ್ಮ ಮೈಸೂರಲ್ಲೇ ಜಾವಾ, ಯೆಜ್ಡಿ ತಯಾರಾಗ್ತಿತ್ತಲ್ಲ, ಆ ಫ್ಯಾಕ್ಟರಿಯದು. ಟೂ ಸ್ಟ್ರೋಕ್, ಇಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲ್ ಜೊತೆಯಲ್ಲೇ ಉರಿದು ಹೋಗುತ್ತೆ. ನಾನು ಫಿಲ್ಟರ್ ಪುರಾಣ ತೆಗೆದಾಗೆಲ್ಲ ದೊಡ್ಡಪ್ಪ, "ನಮ್ ಗಾಡೀಲಿ ಈ ರಗಳೆಯೇ ಇಲ್ಲ ಕಣೋ" ಅಂತಾರೆ. ಗೇರ್‌ಬಾಕ್ಸ್ ಆಯಿಲ್ ಅವರು ಕೊನೇ ಸಲ ಬದಲಾಯಿಸಿದ್ದು ಯಾವಾಗ ಅಂತ ನಾನು ಕೇಳಿಲ್ಲ.

ಅಂಕ ಕೊಡೋದಾದರೆ ಕಂಪನಿ ಫಿಲ್ಟರ್‌ಗೆ ಐದಕ್ಕೆ ಐದು, ಬಿಡಿ ಫಿಲ್ಟರ್‌ಗೆ ಸೊನ್ನೆ, ಮ್ಯಾಗ್ನೆಟ್ ಪ್ಲಗ್‌ಗೆ ಎರಡು, ವಾಷರ್‌ಗೆ ಎಷ್ಟು ಕೊಟ್ಟರೂ ಕಡಿಮೆ. ಬೇಕಾದಷ್ಟೇ ಬಿಗಿ ಮಾಡೋಕೆ ಅಳತೆ ಇರೋ ಸ್ಪ್ಯಾನರ್, ಟಾರ್ಕ್ ರೆಂಚ್, 2,200 ಕೊಟ್ಟು ತಗೊಂಡೆ, ಹೆಲಿಕಾಯಿಲ್ ಲೆಕ್ಕ ಹಾಕಿದರೆ ದುಬಾರಿಯಲ್ಲ. ಹಳೇ ಆಯಿಲ್ ಕ್ಯಾನಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ, ಡ್ರಮ್ ಲೆಕ್ಕದಲ್ಲಿ ತಗೊಂಡು ಹೋಗೋರು ಅಲ್ಲಿಗೆ ಬರ್ತಾರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದಲ್ಲೇ ಆಯಿಲ್ ಇಳಿಸೋರನ್ನು ನೋಡಿದ್ದೀನಿ, ಅದೇ ನೀರು ಗದ್ದೆಗೆ ಹೋಗೋದು.

ಅಂದ ಹಾಗೆ ಬಾಂಡ್ಲಿಯಲ್ಲಿ ಸಿಕ್ಕ ಆಯಸ್ಕಾಂತ ವ್ಯರ್ಥವಾಗಿಲ್ಲ. ಸೋಪು ಹಾಕಿ ತೊಳೆದು ಫ್ರಿಜ್ಜಿಗೆ ಅಂಟಿಸಿದ್ದೀನಿ, ಕರೆಂಟ್ ಬಿಲ್ ಹಿಡ್ಕೊಂಡು ನಿಂತಿದೆ. ಅಲ್ಲಿ ಬಿಸಿಯೂ ಇಲ್ಲ, ಗಮ್ಮಿನ ಹಂಗೂ ಇಲ್ಲ.