ಆಂಥೂರಿಯಂ, ಹೆಲಿಕೋನಿಯಾ, ಆರ್ಕಿಡ್: ನಮ್ಮ ಹೂದಾನಿಯಲ್ಲಿ ಬಾಳಿದ್ದು ಯಾವುದು?

ಆಂಥೂರಿಯಂ ಮನೆಗೆ ಬಂದ ದಿನ ಅಮ್ಮ ಅದನ್ನು ಉಗುರಿನಿಂದ ಗೀರಿ ನೋಡಿದರು. "ಪ್ಲಾಸ್ಟಿಕ್ಕಿಗೆ ದುಡ್ಡು ಕೊಟ್ಟು ಬಂದೆಯಾ?" ಎಂದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಮಲ್ಲಿಗೆಯ ಬೆಲೆ ಕೇಳಿ ಬೆಚ್ಚಿದವಳು, ಅದೇ ಸಿಟ್ಟಿನಲ್ಲಿ ನಾಲ್ಕು ಆಂಥೂರಿಯಂ, ಮೂರು ಹೆಲಿಕೋನಿಯಾ, ಮೂರು ಕಡ್ಡಿ ನೇರಳೆ ಡೆಂಡ್ರೋಬಿಯಂ ಆರ್ಕಿಡ್ ಹೊತ್ತು ತಂದಿದ್ದೆ. ಮೂರನ್ನೂ ಬಿಸಿಲು ಬೀಳದ ಒಂದೇ ಮೂಲೆಯಲ್ಲಿಟ್ಟು, ನಲ್ಲಿಯ ನೀರು ಹಾಕಿ, ದಿನ ಎಣಿಸತೊಡಗಿದೆ.

ಹಬ್ಬದ ಸಂಜೆ ಗೆದ್ದದ್ದು ಹೆಲಿಕೋನಿಯಾ, ಅದರಲ್ಲಿ ಎರಡು ಮಾತಿಲ್ಲ. ಕುಂಕುಮಕ್ಕೆ ಬಂದವರೆಲ್ಲ ಮೊದಲು ಕೇಳಿದ್ದು ಅದರ ಹೆಸರನ್ನೇ. ಆದರೆ ಮೂರಡಿ ಎತ್ತರದ ಆ ಭಾರಕ್ಕೆ ಗಾಜಿನ ಹೂದಾನಿ ಎರಡು ಸಲ ವಾಲಿತು. ಕೊನೆಗೆ ಅಜ್ಜಿಯ ಹಿತ್ತಾಳೆ ಬಿಂದಿಗೆಗೆ ಬೆಣಚುಕಲ್ಲು ತುಂಬಿ ನಿಲ್ಲಿಸಬೇಕಾಯಿತು. ಇದು ಬಾಳೆಯ ದೂರದ ನೆಂಟ, ದಂಟೂ ಹಾಗೆಯೇ ದಪ್ಪ. ಕತ್ತರಿ ಹಾಕಿದರೆ ಜಜ್ಜಿಹೋಗುತ್ತದೆ, ಈಳಿಗೆಮಣೆಯೇ ಸರಿ. ಕೊಯ್ದ ಮೇಲೆ ಇದರ ಮೊಗ್ಗು ಅರಳುವುದಿಲ್ಲ, ಆದ್ದರಿಂದ ಕೊಳ್ಳುವಾಗಲೇ ಬೇಕಾದಷ್ಟು ಅರಳಿದ್ದನ್ನು ಆರಿಸಬೇಕು. ದಂಟಿನಿಂದ ನೀರು ಕುಡಿಯುವುದರಲ್ಲೂ ಇದು ಮಹಾ ಸೋಮಾರಿ. ತಂದ ಕೂಡಲೇ ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ದೋಣಿಯಂಥ ಕೆಂಪು ಎಲೆಗಳ ಸಂದಿಯಿಂದ ಇರುವೆಗಳ ಮೆರವಣಿಗೆಯೇ ಹೊರಟಿತು! ಮುಳುಗಿಸದೆ ಇಟ್ಟಿದ್ದರೆ ಅವೆಲ್ಲ ಪ್ರಸಾದದ ತಟ್ಟೆಗೆ ಬರುತ್ತಿದ್ದವು. ಎಂಟನೆಯ ದಿನ ಅಂಚು ಕಂದಾಗಿ ಹೊರಗೆ ಹೋಯಿತು.

ಆರ್ಕಿಡ್ ಸೋತದ್ದು ನನ್ನ ತಪ್ಪಿನಿಂದ. ಹಬ್ಬದ ಬಾಳೆಹಣ್ಣಿನ ಚಿಪ್ಪನ್ನು ಅದರ ಪಕ್ಕದಲ್ಲೇ ಇಟ್ಟಿದ್ದೆ. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಆರ್ಕಿಡ್‌ಗೆ ಆಗಿಬರುವುದಿಲ್ಲ. ನಾಲ್ಕನೆಯ ಬೆಳಿಗ್ಗೆ ಮೇಜಿನ ತುಂಬ ನೇರಳೆ ಹೂ, ತುದಿಯ ಮೊಗ್ಗುಗಳೂ ಉದುರಿದ್ದವು. ಒಂದು ಕಡ್ಡಿಯನ್ನು ಮಾತ್ರ ಮಲಗುವ ಕೋಣೆಯ ಬಾಟಲಿಯಲ್ಲಿ ಇಟ್ಟಿದ್ದೆ. ಅದು ಹನ್ನೆರಡು ದಿನ ನಿಂತಿತು. ಅಡುಗೆಮನೆಯೂ ಊಟದ ಮೇಜೂ ಒಂದೇ ಕಡೆ ಇರುವ ನಮ್ಮಂಥ ಮನೆಗೆ ಇದು ಹೇಳಿದ ಹೂವಲ್ಲ.

ಆಂಥೂರಿಯಂ ವಿಷಯದಲ್ಲೂ ಒಂದು ಪೆಟ್ಟು ತಿಂದೆ. ಮಲ್ಲಿಗೆ ದಂಡೆಯನ್ನು ಬಾಳೆಎಲೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುವ ಅಭ್ಯಾಸ. ಅದೇ ಜಾಣತನದಲ್ಲಿ ಒಂದು ಆಂಥೂರಿಯಂ ಅನ್ನೂ ಒಳಗಿಟ್ಟೆ. ಬೆಳಗಾಗುವಷ್ಟರಲ್ಲಿ ಕೆಂಪು ಹೋಗಿ ಅಂಚೆಲ್ಲ ಕಪ್ಪುನೀಲಿ. ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿ ಈ ಉಷ್ಣವಲಯದ ಗಿಡಕ್ಕೆ ತಡೆಯದು. ಉಳಿದ ಮೂರಕ್ಕೆ ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿಯನ್ನು ಒಂದೆರಡು ಸೆಂಟಿಮೀಟರ್ ಓರೆಯಾಗಿ ಕೊಯ್ದೆ. ಅಷ್ಟೇ ಆರೈಕೆ. ಒಂದಕ್ಕೆ ಸಕ್ಕರೆ, ನಿಂಬೆರಸ ಬೆರೆಸಿದ ನೀರು ಕೊಟ್ಟು ನೋಡಿದೆ. ನೀರು ಲೋಳೆಯಾದದ್ದು ಬಿಟ್ಟರೆ ಬೇರೇನೂ ವ್ಯತ್ಯಾಸ ಕಾಣಲಿಲ್ಲ. ಹದಿನಾಲ್ಕನೆಯ ದಿನ ಒಂದು ಸೊರಗಿ ತಲೆ ಬಾಗಿಸಿತು. ತುದಿ ಕೊಯ್ದು, ಹೂವು ಸಮೇತ ತಣ್ಣೀರಿನಲ್ಲಿ ಒಂದು ಗಂಟೆ ಮುಳುಗಿಸಿದೆ. ಮತ್ತೆ ಸೆಟೆದು ನಿಂತಿತು.

ಬರುವ ಹಬ್ಬಕ್ಕೆ ಒಂದು ಸಂಜೆಯ ಮೆರುಗಿಗೆ ಎರಡು ಹೆಲಿಕೋನಿಯಾ ಸಾಕು. ಉಳಿದ ದುಡ್ಡೆಲ್ಲ ಆಂಥೂರಿಯಂಗೆ. ಪರಿಮಳವಿಲ್ಲ ಎಂದು ಅಮ್ಮ ಅದನ್ನು ದೇವರಿಗೆ ಏರಿಸಲು ಬಿಡಲಿಲ್ಲ, ನಿಜ. ಆದರೆ ಇಪ್ಪತ್ತನೆಯ ದಿನ ನೋಡುತ್ತೇನೆ, ಸೆರಗಿನ ತುದಿಯಿಂದ ಅದರ ಮೇಲಿನ ಧೂಳು ಒರೆಸುತ್ತಿದ್ದರು.