ಸ್ವಿಚ್ ಮೇಲೆ ದೂರದಿಂದ ಕಣ್ಣು: ಎಸ್‌ಎನ್‌ಎಂಪಿ, ಸಿಸ್‌ಲಾಗ್, ಆರ್‌ಮಾನ್

ಕಾರವಾರದ ಕಚೇರಿಯಲ್ಲಿ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆ) ಕೈಕೊಟ್ಟರೆ ಶಿರಸಿಯಲ್ಲಿ ಕೂತ ನಾನು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಬೇಕು. ಅದಕ್ಕೇ ದೂರದಿಂದ ಸ್ವಿಚ್ ಗಮನಿಸುವ ಮೂರು ವಿಧಾನಗಳನ್ನು, ಅಂದರೆ ಎಸ್‌ಎನ್‌ಎಂಪಿ (ನಾವೇ ಸ್ವಿಚ್‌ನ್ನು ಕೇಳಿ ತಿಳಿಯುವುದು), ಸಿಸ್‌ಲಾಗ್ (ಸ್ವಿಚ್ ಕಳಿಸುವ ಸಂದೇಶ), ಆರ್‌ಮಾನ್ (ಸ್ವಿಚ್ ತನ್ನೊಳಗೇ ಇಡುವ ಲೆಕ್ಕ), ಒಂದೇ ಸ್ವಿಚ್‌ಗಳ ಮೇಲೆ ಮಳೆಗಾಲವಿಡೀ ಓಡಿಸಿ ನೋಡಿದೆ.

ಎಸ್‌ಎನ್‌ಎಂಪಿಗೆ ಶಿರಸಿಯಲ್ಲಿ ಲಿಬ್ರೆಎನ್‌ಎಂಎಸ್ ಎಂಬ ತಂತ್ರಾಂಶ ಹಾಕಿದ್ದೆ. 5 ನಿಮಿಷಕ್ಕೊಮ್ಮೆ ಸ್ವಿಚ್‌ನ್ನು ಕೇಳಿ ಗ್ರಾಫ್ ಬಿಡಿಸುತ್ತದೆ. ಟ್ರಾಫಿಕ್ ಎಷ್ಟೆಂದು ತಿಳಿಯಲು ಇದಕ್ಕಿಂತ ಒಳ್ಳೆಯದಿಲ್ಲ. (ಹರಿದ ಬೈಟ್‌ಗಳನ್ನು ಎಣಿಸಲು 64 ಬಿಟ್ ಕೌಂಟರನ್ನೇ ಬಳಸಿ, ಗಿಗಾಬಿಟ್ ಪೋರ್ಟ್ ತುಂಬಿ ಹರಿದರೆ 32 ಬಿಟ್‌ನದು ಸುಮಾರು 34 ಸೆಕೆಂಡಿಗೇ ಸೊನ್ನೆಗೆ ಮರಳುತ್ತದೆ.) ಆದರೆ ಗಾಳಿ-ಮಳೆಗೆ ಕಾರವಾರ-ಶಿರಸಿ ಲಿಂಕ್ ಹೋದಾಗ ಗ್ರಾಫ್ ಖಾಲಿ. ಲಿಂಕ್ ಬಂದಮೇಲೆ ಒಟ್ಟು ಎರರ್ ಎಷ್ಟೆಂದು ಸಿಗುತ್ತದೆ, ಯಾವ ಹೊತ್ತಿಗೆ ಆದದ್ದೆಂದು ಸಿಗುವುದಿಲ್ಲ.

ಸಿಸ್‌ಲಾಗ್‌ನಲ್ಲಿ ಸ್ವಿಚ್ ತಾನಾಗಿಯೇ ಹೇಳುತ್ತದೆ. ಸಾಮಾನ್ಯವಾಗಿ ಯುಡಿಪಿ (ಮುಟ್ಟಿದ್ದಕ್ಕೆ ರಸೀದಿ ಕೇಳದ ರವಾನೆ ವಿಧಾನ) ಪೋರ್ಟ್ 514ರಲ್ಲಿ ಹೋಗುವ ಈ ಸಂದೇಶ ಮುಟ್ಟಿತೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಲಿಂಕ್ ಇಲ್ಲದಾಗ ಕಳಿಸಿದ್ದು ಹೋಯಿತೆಂದೇ ಲೆಕ್ಕ. ಹಾಗಾಗಿ ಲಾಗ್ ಹಿಡಿಯುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಕಾರವಾರದಲ್ಲೇ, ಸ್ವಿಚ್‌ಗಳ ಯುಪಿಎಸ್‌ಗೇ ಸೇರಿಸಿ ಇಟ್ಟೆವು. ಆಮೇಲೆ ಇದರ ಬೆಲೆ ಗೊತ್ತಾಯಿತು. 12ನೇ ಪೋರ್ಟ್ ಡೌನ್, ಮೂರು ಸೆಕೆಂಡಿಗೆ ಅಪ್, ಮತ್ತೆ ಡೌನ್. ರಾತ್ರಿಯಿಡೀ ಇದೇ ಸಾಲು. ಗ್ರಾಫ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಅಲ್ಲಿನ ಹುಡುಗ ಕೇಬಲ್ ಕಿತ್ತು ಫೋಟೋ ಕಳಿಸಿದ: ಪ್ಲಗ್ಗಿನ ಪಿನ್‌ಗಳ ಮೇಲೆ ಹಸಿರು ಕಿಲುಬು. ಕಡಲಗಾಳಿಯ ಉಪ್ಪು. ಪ್ಲಗ್ ಬದಲಿಸಿದ, ಘಟ್ಟ ಇಳಿಯುವ ಕೆಲಸ ತಪ್ಪಿತು.

ಆರ್‌ಮಾನ್ ಈಗ ಯಾರಿಗೂ ಬೇಡವಾದಂತಿದೆ, ನನಗೆ ಇಷ್ಟವಾಯಿತು. ಇದನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 2819ರಲ್ಲಿ ಒಂಬತ್ತು ಗುಂಪುಗಳಿದ್ದರೂ ಸ್ವಿಚ್‌ಗಳಲ್ಲಿ ಹೆಚ್ಚಾಗಿ ಸಿಗುವುದು ನಾಲ್ಕೇ: ಅಂಕಿಅಂಶ, ಹಿಸ್ಟರಿ, ಅಲಾರಂ, ಈವೆಂಟ್. ಲೆಕ್ಕವನ್ನು ಸ್ವಿಚ್ಚೇ ಇಡುತ್ತದೆ, ಲಿಂಕ್ ಬಂದಮೇಲೆ ತೆಗೆದುಕೊಂಡರಾಯಿತು. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಎಣಿಕೆ) ನಾವಿಟ್ಟ ಮೇಲಿನ ಮಿತಿ ದಾಟಿದಾಗ ಒಮ್ಮೆ ಕೂಗುತ್ತದೆ. ಕೆಳಗಿನ ಮಿತಿಗೆ ಇಳಿದು ಮತ್ತೆ ಏರುವವರೆಗೆ ಸುಮ್ಮನಿರುತ್ತದೆ. ಆದರೆ ಕರೆಂಟ್ ಹೋಗಿ ಸ್ವಿಚ್ ಆರಿದರೆ ನಮ್ಮ ಸ್ವಿಚ್‌ಗಳಲ್ಲಿ ಹಿಸ್ಟರಿಯೂ ಅಳಿಸಿಹೋಗುತ್ತಿತ್ತು.

ಒಂದನ್ನೇ ಆರಿಸುವುದಾದರೆ ನನ್ನ ಮತ ಸಿಸ್‌ಲಾಗ್‌ಗೆ, ಅದೂ ಲಾಗ್ ಪೆಟ್ಟಿಗೆ ಸ್ವಿಚ್ ಇರುವ ಊರಲ್ಲೇ ಇದ್ದರೆ. ಕೈಯಲ್ಲಿ ಸಮಯವಿದ್ದರೆ ಹೊರಗಿನ ನೆಟ್‌ವರ್ಕ್‌ಗೆ ಸೇರಿಸುವ ಅಪ್‌ಲಿಂಕ್ ಪೋರ್ಟ್‌ಗೆ ಆರ್‌ಮಾನ್ ಅಲಾರಂ ಸೇರಿಸಿ. ಯಾವುದಕ್ಕೂ ಮೊದಲು ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಹೊಂದಿಸಿ. ಇಲ್ಲದಿದ್ದರೆ ಕರೆಂಟ್ ಬಂದಮೇಲೆ ಕೆಲವು ಸ್ವಿಚ್‌ಗಳು 1970ರ ಜನವರಿ 1ರಿಂದ ತಾರೀಖು ಹಾಕಲು ಶುರುಮಾಡುತ್ತವೆ.